ಹಡಗಿನಲ್ಲೇ ಒಂದು ಸೆಮಿಸ್ಟರ್: ಉಡುಪಿ, ಮಂಗಳೂರಿನ ವಿದ್ಯಾರ್ಥಿಗಳಿಗೆ ಮನೆಯಿಂದ ಮೊದಲ ಬಂದರಿನವರೆಗೆ

ನಮ್ಮ ಕಡೆ 'ಶಿಪ್ಪಿಗೆ ಹೋಗ್ತಾರೆ' ಅಂದರೆ ಕೆಲಸಕ್ಕೆ ಹೋಗ್ತಾರೆ ಅಂತಲೇ ಅರ್ಥ. ಉಡುಪಿಯಿಂದ ನಾನು ಹೊರಟಾಗ ಪಕ್ಕದ ಮನೆಯವರು ಕೇಳಿದ್ದೂ ಅದನ್ನೇ. ಯಾವ ಕಂಪೆನಿ, ಎಷ್ಟು ತಿಂಗಳ ಕಾಂಟ್ರಾಕ್ಟ್, ಸಂಬಳ ಎಷ್ಟು? ಓದಲಿಕ್ಕೆ ಹೋಗುವುದು ಅಂದಾಗ ಅವರಿಗೆ ಸಮಾಧಾನ ಆಗಲಿಲ್ಲ. ಕಡಲ ತೀರದಲ್ಲೇ ಹುಟ್ಟಿ ಬೆಳೆದ ನಮಗೂ ಹಡಗು ಅಂದರೆ ದುಡಿಯುವ ಜಾಗ. ಅಲ್ಲಿ ಕೂತು ಪಾಠ ಕೇಳುವುದು ಹೊಸ ಸಂಗತಿ.

ಆದ್ದರಿಂದ ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮರ್ಚೆಂಟ್ ನೇವಿಯವರನ್ನು ಕೇಳಿದರೆ ಸಿಡಿಸಿ (ನಾವಿಕರ ದಾಖಲೆ ಪುಸ್ತಕ), ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿ ಪ್ರಮಾಣಪತ್ರ) ಅಂತ ಹೇಳಿದರು. ಅವೆರಡೂ ಹಡಗಿನ ಸಿಬ್ಬಂದಿಗೆ ಬೇಕಾದವು, ವಿದ್ಯಾರ್ಥಿಗೆ ಬೇಡ. ವಿದೇಶಕ್ಕೆ ಓದಲು ಹೋದವರನ್ನು ಕೇಳಿದರೆ ಅವರದ್ದು ಒಂದು ದೇಶ, ಒಂದು ವೀಸಾ, ಒಂದು ಹಾಸ್ಟೆಲ್. ನಮ್ಮದು ಹತ್ತು ದೇಶ, ಓಡುವ ಹಾಸ್ಟೆಲ್. ನೀವು ಹೋಗುವವರಾದರೆ ಇಷ್ಟಾದರೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ: ಹಡಗಿನ ಮೊದಲ ದಿನಗಳ ಅರ್ಧ ಕೆಲಸ ಊರಲ್ಲೇ ಮುಗಿಯಬೇಕು.

ಇದು ಎಂಥ ಓದು?

ಈ ರೀತಿಯ ಕಾರ್ಯಕ್ರಮಗಳಲ್ಲಿ ಹೆಸರಾದದ್ದು ಅಮೆರಿಕದ 'ಸೆಮಿಸ್ಟರ್ ಅಟ್ ಸೀ'. ಇದರ ಕತೆ 1963ರಿಂದ ಶುರುವಾಗುತ್ತದೆ. ನಡೆಸುವುದು ಇನ್‌ಸ್ಟಿಟ್ಯೂಟ್ ಫಾರ್ ಶಿಪ್‌ಬೋರ್ಡ್ ಎಜುಕೇಶನ್ ಅನ್ನುವ ಲಾಭರಹಿತ ಸಂಸ್ಥೆ. ಓದಿನ ಹೊಣೆಯನ್ನು 2016ರಲ್ಲಿ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿ ವಹಿಸಿಕೊಂಡಿತು. ಹಡಗಿನ ಹೆಸರು ಎಂವಿ ವರ್ಲ್ಡ್ ಒಡಿಸ್ಸಿ. 1998ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಕಟ್ಟಿದ್ದು, ಆಗಿನ ಹೆಸರು ಡಾಯ್ಚ್‌ಲ್ಯಾಂಡ್. ಉದ್ದ 175 ಮೀಟರ್. ಪಣಂಬೂರಿನ ಬಂದರಿಗೆ ಬರುವ ದೊಡ್ಡ ಕ್ರೂಸ್ ಹಡಗು ನೋಡಿದವರಿಗೆ ಇದು ಸ್ವಲ್ಪ ಚಿಕ್ಕದಾಗಿಯೇ ಕಾಣುತ್ತದೆ.

ವರ್ಷಕ್ಕೆ ಎರಡು ದೊಡ್ಡ ಪ್ರಯಾಣ. ಒಂದು ಜನವರಿಯ ಹೊತ್ತಿಗೆ, ಇನ್ನೊಂದು ಮಳೆಗಾಲ ಮುಗಿಯುತ್ತಾ ಬರುವಾಗ. ಒಂದೊಂದೂ ಸುಮಾರು 100 ದಿನ. ಕಡಲಲ್ಲಿರುವಾಗ ಕ್ಲಾಸು, ಬಂದರಿಗೆ ಬಂದಾಗ ಊರು ನೋಡುವುದು ಮತ್ತು ಆ ಊರಿಗೇ ಸಂಬಂಧಿಸಿದ ಫೀಲ್ಡ್ ಕ್ಲಾಸು. ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ ಅನ್ನುವುದು ಪ್ರತಿ ಸಲ ಬದಲಾಗುತ್ತದೆ. ಬ್ರೋಷರಿನ ಫೋಟೋ ನೋಡುವ ಮೊದಲು ಆ ಪಟ್ಟಿಯನ್ನು ನೋಡಿ. ನಮ್ಮ ಪಾಸ್‌ಪೋರ್ಟಿಗೆ ಎಷ್ಟು ವೀಸಾ ಬೇಕು ಅನ್ನುವುದು ಅದರಲ್ಲೇ ಇದೆ.

ಮೊದಲ ಹೆಜ್ಜೆ: ಕಾಲೇಜಿನಿಂದ ಬರಹದಲ್ಲಿ ಒಪ್ಪಿಗೆ

ಮಣಿಪಾಲ, ಸುರತ್ಕಲ್, ಕೊಣಾಜೆ, ನೀವು ಎಲ್ಲೇ ಓದುತ್ತಿರಲಿ, ಒಂದು ಸೆಮಿಸ್ಟರ್ ನೀವು ಅಲ್ಲಿ ಇರುವುದಿಲ್ಲ. ಹಾಜರಾತಿ ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಬಿಡದ ನಿಯಮ ನಮ್ಮಲ್ಲಿ ಹೆಚ್ಚಿನ ಕಡೆ ಇದೆ, ಅಲ್ವಾ? ಹಾಗಾಗಿ ಅರ್ಜಿ ಹಾಕುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕಂಡು ಎರಡು ಪ್ರಶ್ನೆ ಕೇಳಿ. ಹಡಗಿನಲ್ಲಿ ಪಡೆದ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರುತ್ತದಾ? ಬರದಿದ್ದರೆ ಒಂದು ಸೆಮಿಸ್ಟರ್ ಬಿಡುವು ಸಿಗುತ್ತದಾ?

'ಹೋಗಿ ಬಾ, ಆಮೇಲೆ ನೋಡುವ' ಅನ್ನುವ ಉತ್ತರ ಪ್ರೀತಿಯಿಂದಲೇ ಬರುತ್ತದೆ. ಆದರೆ ನೀವು ತಿರುಗಿ ಬರುವಾಗ ಆ ಕುರ್ಚಿಯಲ್ಲಿ ಬೇರೆಯವರು ಕೂತಿರಬಹುದು. ಯಾವ ಕೋರ್ಸಿಗೆ ಬದಲಾಗಿ ಯಾವುದು ಅಂತ ಪಟ್ಟಿ ಮಾಡಿ, ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಹಡಗಿಗೆ ಹತ್ತಿದ ಮೇಲೆ ಕೋರ್ಸ್ ಬದಲಾಯಿಸಲು ಕೆಲವು ದಿನ ಅವಕಾಶ ಇರುತ್ತದೆ. ಆಗ ಈ ಪಟ್ಟಿ ಕೈಯಲ್ಲಿದ್ದರೆ ಗಡಿಬಿಡಿ ಇಲ್ಲ.

ಪಾಸ್‌ಪೋರ್ಟ್ ಮತ್ತು ವೀಸಾ: ಇಲ್ಲೇ ಜಾಸ್ತಿ ಸಮಯ ಕೊಡಿ

ಅಮೆರಿಕದ ಹುಡುಗರು ಹೆಚ್ಚಿನ ದೇಶಗಳಿಗೆ ಸುಮ್ನೆ ಇಳಿದು ಹೋಗುತ್ತಾರೆ. ನಮಗೆ ಹಾಗಲ್ಲ. ಕಾರ್ಯಕ್ರಮದವರು ಕಳಿಸುವ ಸೂಚನೆಗಳು ಅವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅದನ್ನೇ ನಂಬಿ ಕೂರಬೇಡಿ. ನಾನು ಭಾರತೀಯ ಪಾಸ್‌ಪೋರ್ಟಿನವನು ಅಥವಾ ಪಾಸ್‌ಪೋರ್ಟಿನವಳು, ನನಗೆ ಯಾವ ಬಂದರಿಗೆ ಯಾವ ವೀಸಾ ಬೇಕು ಅಂತ ಇಮೇಲಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವವರು, ನವೀಕರಿಸುವವರು 36 ಪುಟದ್ದು ಬೇಡ, 60 ಪುಟದ್ದು ಕೇಳಿ. ವೀಸಾ ಸ್ಟಿಕ್ಕರ್ ಒಂದೊಂದೂ ಪೂರ್ತಿ ಪುಟ ನುಂಗುತ್ತದೆ. ಪ್ರಯಾಣ ಮುಗಿದ ಮೇಲೂ ಕನಿಷ್ಠ 6 ತಿಂಗಳು ಅವಧಿ ಉಳಿದಿರಬೇಕು.

ಹೆಸರಿನ ವಿಷಯ ನಮ್ಮ ಊರಿನವರಿಗೆ ದೊಡ್ಡ ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. 2022ರ ನವೆಂಬರಿನಲ್ಲಿ ಯುಎಇ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತ್ತು. ನಮ್ಮಲ್ಲಿ ತುಂಬಾ ಜನ ಗಲ್ಫ್ ಮೂಲಕವೇ ಹಾರುವುದು. ಹಾಗಾಗಿ ಇದನ್ನು ಎಲ್ಲಕ್ಕಿಂತ ಮೊದಲು ಸರಿಮಾಡಿಸಿ. ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರೇ ಅಕ್ಷರ ತಪ್ಪದೆ ಅರ್ಜಿ, ಟಿಕೆಟ್, ವಿಮೆ ಎಲ್ಲದರಲ್ಲೂ ಬರಲಿ.

ಆಮೇಲೆ ವೀಸಾಗಳ ಸರದಿ. ಮಂಗಳೂರಿನಲ್ಲಿ ಕೂತು ಎಲ್ಲ ಮುಗಿಸಲು ಆಗುವುದಿಲ್ಲ. ಕೆಲವಕ್ಕೆ ಬೆಂಗಳೂರು, ಕೆಲವಕ್ಕೆ ಚೆನ್ನೈ ಅಥವಾ ಮುಂಬೈ. ಒಬ್ಬರು ಪಾಸ್‌ಪೋರ್ಟ್ ಇಟ್ಟುಕೊಂಡಿರುವಾಗ ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಆದ್ದರಿಂದ ಒಂದು ಕಾಗದದಲ್ಲಿ ಸಾಲು ಮಾಡಿ. ಸ್ಟಿಕ್ಕರ್ ವೀಸಾಗಳು ಮೊದಲು, ಅದರಲ್ಲೂ ನಿಧಾನ ಆಗುವವು ಎಲ್ಲಕ್ಕಿಂತ ಮೊದಲು. ಕೀನ್ಯಾದ ಇಟಿಎ (ಪ್ರಯಾಣಕ್ಕೆ ಮೊದಲೇ ಪಡೆಯುವ ಅನುಮತಿ), ವಿಯೆಟ್ನಾಮಿನ ಇ-ವೀಸಾದಂಥವು ಆನ್‌ಲೈನ್, ಅವು ಕೊನೆಗೆ. ವಿಯೆಟ್ನಾಮಿನದ್ದು ತುಂಬುವಾಗ ಯಾವ ಬಂದರಿನಿಂದ ಪ್ರವೇಶ ಅಂತ ಆರಿಸಬೇಕು. ವಿಮಾನ ನಿಲ್ದಾಣದ ಹೆಸರು ಆರಿಸಿದರೆ ಕಷ್ಟ.

ಹಡಗು ಯುರೋಪಿನ ಷೆಂಗೆನ್ ಗುಂಪಿನ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳು) ಬಂದರಿನಿಂದ ಹೊರಟರೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಇಲ್ಲಿ ನನಗೆ ಆದ ತೊಂದರೆ ಹೇಳುತ್ತೇನೆ. ಅರ್ಜಿ ತುಂಬಿಕೊಟ್ಟ ಏಜೆಂಟರು 'ಸಿಂಗಲ್ ಎಂಟ್ರಿ' ಅಂತ ಹಾಕಿದ್ದರು. ಹಡಗು ಒಂದು ಷೆಂಗೆನ್ ಬಂದರು ಬಿಟ್ಟು, ಹೊರಗಿನ ದೇಶಕ್ಕೆ ಹೋಗಿ, ಮತ್ತೆ ಇನ್ನೊಂದು ಷೆಂಗೆನ್ ಬಂದರಿಗೆ ಬರುವುದಿತ್ತು. ಅಂದರೆ ಎರಡನೇ ಸಲ ನಾನು ಇಳಿಯುವ ಹಾಗಿರಲಿಲ್ಲ. ಕೊಡುವ ಹಿಂದಿನ ದಿನ ಓದಿ ನೋಡಿದ್ದರಿಂದ ಉಳಿಯಿತು. 'ಮಲ್ಟಿಪಲ್ ಎಂಟ್ರಿ' ಅಂತಲೇ ಕೇಳಿ, ಜೊತೆಗೆ ಬಂದರುಗಳ ದಿನಾಂಕದ ಪಟ್ಟಿ ಲಗತ್ತಿಸಿ.

ಪ್ರಯಾಣ ಅಮೆರಿಕದಲ್ಲಿ ಮುಗಿಯುವುದಾದರೆ ಅದಕ್ಕೂ ವೀಸಾ ಬೇಕು. ಶಿಪ್ಪಿನವರು ಹೇಳುವ ಸಿ1/ಡಿ ವೀಸಾ ಸಿಬ್ಬಂದಿಗೆ. ನೀವು ಪ್ರಯಾಣಿಕರು. ಯಾವ ವರ್ಗ ಅಂತ ಕಾರ್ಯಕ್ರಮದವರಿಂದ ಬರಹದಲ್ಲೇ ತರಿಸಿಕೊಳ್ಳಿ.

ಚುಚ್ಚುಮದ್ದು, ಮಾತ್ರೆ

ಆಫ್ರಿಕಾದ ಬಂದರು ಪಟ್ಟಿಯಲ್ಲಿ ಇದ್ದರೆ ಹಳದಿ ಜ್ವರದ ಚುಚ್ಚುಮದ್ದಿನ ಬಗ್ಗೆ ನಮಗೆ ಎರಡು ಪಟ್ಟು ಎಚ್ಚರ ಬೇಕು. ಘಾನಾ, ಕೀನ್ಯಾದಂಥ ದೇಶಗಳಿಂದ ಬಂದವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ನಮ್ಮದೇ ದೇಶ, ನಮ್ಮದೇ ಪಾಸ್‌ಪೋರ್ಟ್ ಅಂದರೂ ಬಿಡುವುದಿಲ್ಲ. ಸರಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಂಡು ಹಳದಿ ಪುಸ್ತಕ ಪಡೆಯಬೇಕು. ಅದು ಚಾಲ್ತಿಗೆ ಬರುವುದು ಚುಚ್ಚಿದ 10 ದಿನಗಳ ನಂತರ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆ ಪುಸ್ತಕ ಪಾಸ್‌ಪೋರ್ಟಿನ ಜೊತೆಯಲ್ಲೇ ಇರಲಿ.

ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಪೂರ್ತಿ 100 ದಿನಕ್ಕೆ ಆಗುವಷ್ಟು, ಮೇಲೆ ಎರಡು ವಾರದ್ದು. ವೈದ್ಯರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ನಮ್ಮ ಬ್ರ್ಯಾಂಡ್ ಹೆಸರು ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಇರುವ ಶೀತದ ಮಾತ್ರೆ, ಕೆಮ್ಮಿನ ಸಿರಪ್ಪು ಸುಮ್ನೆ ತುಂಬಿಸಬೇಡಿ. ಸೂಡೋಎಫೆಡ್ರಿನ್, ಕೋಡಿನ್ ಇರುವವಕ್ಕೆ ಜಪಾನಿನಲ್ಲಿ ಬಿಗಿ ನಿಯಮ ಇದೆ.

ಹಣ, ಫೋನು

ಶುಲ್ಕ ದೊಡ್ಡದು, ಕ್ಯಾಬಿನ್ ಮೇಲೆ ವ್ಯತ್ಯಾಸ ಆಗುತ್ತದೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ. ಮಲಗಲು ಮಾತ್ರ ಹೋಗುವ ಜಾಗಕ್ಕೆ ಕಿಟಕಿ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಕಾಲರ್‌ಶಿಪ್ ಅರ್ಜಿ ಪ್ರವೇಶದ ಅರ್ಜಿಯ ಜೊತೆಗೇ ಹಾಕಿ. ವಿದೇಶಕ್ಕೆ ಹಣ ಕಳಿಸುವಾಗ ಟಿಸಿಎಸ್ (ಬ್ಯಾಂಕೇ ವಸೂಲಿ ಮಾಡುವ ತೆರಿಗೆ) ಎಷ್ಟು ಹಿಡಿಯುತ್ತಾರೆ, ಶಿಕ್ಷಣ ಸಾಲದಿಂದ ಕಟ್ಟಿದರೆ ಏನು ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿ.

ಮರೆಯುವ ವಿಷಯ ಓಟಿಪಿ. ನಿಮ್ಮ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ, ಬಾರದಿದ್ದರೆ ನಿಮ್ಮ ದುಡ್ಡು ನಿಮ್ಮ ಕೈಗೆ ಸಿಗುವುದಿಲ್ಲ. ಊರಲ್ಲೇ ಮಾಡಿಸಿ. ಆದರೆ ಹಡಗು ದಡ ಬಿಟ್ಟ ತಕ್ಷಣ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಇಟ್ಟುಕೊಳ್ಳಿ. ಕಡಲಲ್ಲಿ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಒಂದು ರಾತ್ರಿಯಲ್ಲಿ ಸಾವಿರಾರು ರೂಪಾಯಿ ಬಿಲ್ಲು ಆಗಬಹುದು.

ಪೆಟ್ಟಿಗೆಯಲ್ಲಿ ಏನು?

ಮಡಚಿ ಮಂಚದ ಕೆಳಗೆ ಹಾಕುವಂಥ ಬಟ್ಟೆಯ ಚೀಲ ಒಳ್ಳೆಯದು. ಗಟ್ಟಿ ಸೂಟ್‌ಕೇಸಿಗೆ ಕ್ಯಾಬಿನ್ನಿನಲ್ಲಿ ಜಾಗ ಇಲ್ಲ. ಹಡಗಿನ ಒಳಗೆ ಎಸಿ ಚಳಿ, ನಮ್ಮ ಊರಿನ ಹವೆಗೆ ಒಗ್ಗಿದವರಿಗೆ ತರಗತಿಯಲ್ಲಿ ಸ್ವೆಟರ್ ಬೇಕೇ ಬೇಕು. ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ, ಅಡಾಪ್ಟರ್ ಇರಲಿ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ ತರಬೇಡಿ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ, ಅಂಥವನ್ನು ಹತ್ತುವಾಗಲೇ ತೆಗೆದಿಡುತ್ತಾರೆ.

ಒಂದು ಸಾದಾ ಕೈಗಡಿಯಾರ ತನ್ನಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಊಟದ ಮಾತು. ಅಲ್ಲಿ ಬಫೆ ಇರುತ್ತದೆ. ಪಾಸ್ತಾ, ಆಲೂಗಡ್ಡೆ, ಸಲಾಡ್, ಅನ್ನ, ಬ್ರೆಡ್ಡು. ಸಸ್ಯಾಹಾರಿಗಳು ಹಸಿದು ಇರಬೇಕಾಗಿಲ್ಲ, ಆದರೆ ಎರಡನೇ ವಾರಕ್ಕೆ ನಾಲಿಗೆ ಸಪ್ಪೆ ಆಗುತ್ತದೆ. ಕುಚ್ಚಲಕ್ಕಿ ಗಂಜಿ ಅಲ್ಲಿ ಕನಸು. ಗಟ್ಟಿ ಪ್ಯಾಕ್ ಮಾಡಿದ ಚಟ್ನಿಪುಡಿ, ಸಣ್ಣ ಬಾಟಲಿ ಮಿಡಿ ಉಪ್ಪಿನಕಾಯಿ ಸಾಕು, ಅನ್ನಕ್ಕೂ ಆಲೂಗಡ್ಡೆಗೂ ಆಗುತ್ತದೆ. ಎಣ್ಣೆ ಸೋರದಂತೆ ಎರಡು ಕವರ್ ಹಾಕಿ. ಒಣಮೀನು ಮಾತ್ರ ಬೇಡ. ಮೂರು ಜನ ಮಲಗುವ ಕ್ಯಾಬಿನ್ ಅದು, ಗಾಳಿ ಬರಲು ದಾರಿ ಇಲ್ಲ. ಬಂದರಿನಲ್ಲಿ ಇಳಿಯುವಾಗ ಇವು ಯಾವುದನ್ನೂ ಚೀಲದಲ್ಲಿ ಒಯ್ಯಬೇಡಿ. ತಿಂಡಿ, ಬೀಜ, ಹಣ್ಣುಗಳ ಮೇಲೆ ಕೆಲವು ದೇಶಗಳಲ್ಲಿ ದಂಡ ಹಾಕುತ್ತಾರೆ.

ಊರಿಂದ ಹೊರಡುವುದು

ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಹೊರಡುವವರು ಇದನ್ನು ಎರಡು ಸಲ ಓದಿ. ಬೆಂಗಳೂರಿನಿಂದ ವಿಮಾನ ಇದ್ದರೆ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಘಟ್ಟ ಯಾವಾಗ ಕುಸಿಯುತ್ತದೆ ಹೇಳಲು ಆಗುವುದಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೆ ಬಂದ್ ಆಗಿದ್ದವು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ನಿಂತಿತ್ತು. ಕೆಂಜಾರಿನಲ್ಲಿರುವ ಮಂಗಳೂರು ವಿಮಾನ ನಿಲ್ದಾಣ ಗುಡ್ಡದ ಮೇಲಿದೆ, ಜೋರು ಮಳೆಗೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗುವುದೂ ಉಂಟು.

ಕಾಲೇಜು ಒಂದು ದಿನ ತಡವಾದವರನ್ನು ಸೇರಿಸಿಕೊಳ್ಳುತ್ತದೆ. ಹಡಗು ಸೇರಿಸಿಕೊಳ್ಳುವುದಿಲ್ಲ, ಅದು ಹೋಗಿರುತ್ತದೆ. ನನ್ನ ಲೆಕ್ಕ ಹೀಗೆ: ಬೆಂಗಳೂರಿಗೆ ಎರಡು ದಿನ ಮೊದಲು, ಹಡಗು ಹೊರಡುವ ಊರಿಗೆ ಇನ್ನೂ ಎರಡು ದಿನ ಮೊದಲು. ಆ ಎರಡು ರಾತ್ರಿಯ ಹೋಟೆಲ್ ಖರ್ಚು ದಂಡ ಅನ್ನಿಸಬಹುದು. ಆದರೆ ಲಗೇಜು ತಪ್ಪಿಹೋದರೆ ಹುಡುಕಲು ಸಿಗುವ ಸಮಯ ಅದೇ. ನಿದ್ದೆಯೂ ಆಗುತ್ತದೆ. ನಿದ್ದೆಗೆಟ್ಟವರಿಗೆ ಕಡಲು ಜಾಸ್ತಿ ಹಿಡಿಯುತ್ತದೆ.

ಹತ್ತುವ ದಿನ

ಬಂದರಿನ ಟರ್ಮಿನಲ್ಲಿನಲ್ಲಿ ಉದ್ದ ಸಾಲು. ನಿಮಗೆ ಕೊಟ್ಟ ಸಮಯಕ್ಕೇ ಹೋಗಿ, ಮೊದಲೇ ಹೋದರೆ ಹೊರಗೆ ನಿಲ್ಲುವುದು ಮಾತ್ರ. ಪಾಸ್‌ಪೋರ್ಟ್, ವೀಸಾ, ಹಳದಿ ಪುಸ್ತಕ ನೋಡುತ್ತಾರೆ. ನಮ್ಮ ಪಾಸ್‌ಪೋರ್ಟ್ ನೋಡಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ, ಎಲ್ಲ ವೀಸಾಗಳನ್ನೂ ತಿರುವಿ ನೋಡುತ್ತಾರೆ. ಗಾಬರಿ ಬೇಡ. ಬಂದರುಗಳ ಕ್ರಮದಲ್ಲೇ ವೀಸಾ ಪ್ರತಿಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದರೆ ಬೇಗ ಮುಗಿಯುತ್ತದೆ. ಆಮೇಲೆ ಚೀಲಗಳ ಸ್ಕ್ಯಾನ್, ಒಂದು ಫೋಟೋ, ಹಡಗಿನ ಗುರುತಿನ ಚೀಟಿ. ಇದೇ ನಿಮ್ಮ ಬೀಗದ ಕೈ, ಇದೇ ಪರ್ಸು, ಇದೇ ಗೇಟ್ ಪಾಸ್. ಪಾಸ್‌ಪೋರ್ಟನ್ನು ಸಾಮಾನ್ಯವಾಗಿ ಹಡಗಿನ ಕಚೇರಿಯಲ್ಲೇ ಇಟ್ಟುಕೊಳ್ಳುತ್ತಾರೆ, ಹೆದರಬೇಡಿ. ಕೊಡುವ ಮೊದಲು ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ.

ದೊಡ್ಡ ಚೀಲ ಕ್ಯಾಬಿನ್ನಿಗೆ ಸಂಜೆಯ ಮೇಲೆ ಬರಬಹುದು. ಹಾಗಾಗಿ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಮಾತ್ರೆ, ಹಲ್ಲುಜ್ಜುವ ಬ್ರಷ್, ಚಾರ್ಜರ್ ಇರಲಿ.

ಕ್ಯಾಬಿನ್ ನೋಡಿ ಮನಸ್ಸು ಸಣ್ಣದಾಗುತ್ತದೆ. ನನಗೂ ಆಗಿತ್ತು. ನಮ್ಮ ಮನೆಯ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕಪಾಟು ಹಂಚಿಕೊಳ್ಳುವ ಮಾತು ಜೊತೆಯವರ ಹತ್ತಿರ ಅದೇ ಮಧ್ಯಾಹ್ನ ಆಡಿಬಿಡಿ. ದೀಪ ಯಾವಾಗ ಆರಿಸುವುದು, ಅಲಾರಂ ಎಷ್ಟು ಸಲ ಹೊಡೆಯಬಹುದು, ದೇವರ ಫೋಟೋ ಎಲ್ಲಿ ಇಡುವುದು, ಎಲ್ಲವನ್ನೂ. ಟಾಯ್ಲೆಟ್ ಗಾಳಿಯ ಒತ್ತಡದಿಂದ ಎಳೆಯುವಂಥದ್ದು, ದೊಡ್ಡ ಸದ್ದು ಮಾಡುತ್ತದೆ. ಅದಕ್ಕೆ ಬೇರೆ ಏನನ್ನೂ ಹಾಕಬೇಡಿ, ಒಂದು ಕಟ್ಟಿಕೊಂಡರೆ ಸಾಲಿನ ಎಲ್ಲ ಕ್ಯಾಬಿನ್ನಿಗೂ ತೊಂದರೆ.

ಹಡಗು ಹೊರಡುವ ಮೊದಲು ಸುರಕ್ಷತಾ ಡ್ರಿಲ್ ನಡೆಯುತ್ತದೆ. ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿದರೆ ಲೈಫ್ ಜಾಕೆಟ್ ಹಿಡಿದು ನಿಮ್ಮ ಮಸ್ಟರ್ ಸ್ಟೇಷನ್ನಿಗೆ, ಅಂದರೆ ಅಪಾಯದ ಹೊತ್ತಲ್ಲಿ ಸೇರುವ ಜಾಗಕ್ಕೆ, ಹೋಗಬೇಕು. ಇಟಲಿಯ ತೀರದಲ್ಲಿ 2012ರಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಮಗುಚಿ 32 ಜನ ತೀರಿಹೋದರು. ಆ ಹಡಗಿಗೆ ಆ ದಿನವೇ ಹತ್ತಿದ ಎಷ್ಟೋ ಜನರಿಗೆ ಡ್ರಿಲ್ ಆಗಿರಲಿಲ್ಲ. ಹೊರಡುವ ಮೊದಲೇ ಡ್ರಿಲ್ ಮುಗಿಯಬೇಕು ಅನ್ನುವ ನಿಯಮ ಬಂದದ್ದು ಆಮೇಲೆ. ಮಲ್ಪೆಯಲ್ಲಿ ಬೋಟ್ ಮನೆಗೆ ಬಾರದ ರಾತ್ರಿಗಳನ್ನು ಕಂಡ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡ್ರಿಲ್ ಮುಗಿದ ಮೇಲೆ ಕ್ಯಾಬಿನ್ನಿನಿಂದ ಆ ಜಾಗಕ್ಕೆ ಇನ್ನೊಮ್ಮೆ ನಡೆದು ನೋಡಿ, ಮೆಟ್ಟಿಲು ಎಣಿಸಿ.

ಮೊದಲ ಮೂರು ರಾತ್ರಿ: ಕಡಲು ಹಿಡಿದಾಗ

ಕಡಲ ಬದಿಯವರಿಗೆ ವಾಂತಿ ಬರುವುದಿಲ್ಲ ಅನ್ನುವುದು ಸುಳ್ಳು. ತೀರದಲ್ಲಿ ಹುಟ್ಟುವುದಕ್ಕೂ ಹಡಗಿನ ಓಲಾಟಕ್ಕೂ ಸಂಬಂಧ ಇಲ್ಲ. ಕಿವಿಯ ಒಳಗಿನ ಸಮತೋಲನದ ಅಂಗ 'ನಾವು ಅಲುಗಾಡುತ್ತಿದ್ದೇವೆ' ಅನ್ನುತ್ತದೆ. ಎದುರಿನ ಗೋಡೆ ನೋಡುವ ಕಣ್ಣು 'ಇಲ್ಲ, ಸುಮ್ಮನೆ ಇದ್ದೇವೆ' ಅನ್ನುತ್ತದೆ. ಈ ಎರಡರ ಜಗಳದಿಂದಲೇ ಹೊಟ್ಟೆ ತೊಳಸುವುದು. ಆದ್ದರಿಂದ ಕ್ಯಾಬಿನ್ನಿನಲ್ಲಿ ಮಲಗಿ ಫೋನು ನೋಡಿದರೆ ಜಾಸ್ತಿ ಆಗುತ್ತದೆ. ಮೇಲಿನ ಡೆಕ್ಕಿಗೆ ಬನ್ನಿ, ಕಡಲೂ ಆಕಾಶವೂ ಸೇರುವ ಗೆರೆಯನ್ನೇ ನೋಡಿ. ಹೊರಗೆ ಬರಲಾಗದಿದ್ದರೆ ಹಡಗಿನ ಮಧ್ಯಭಾಗಕ್ಕೆ, ಕೆಳಗಿನ ಅಂತಸ್ತಿಗೆ ಹೋಗಿ. ತೊಟ್ಟಿಲಿನ ತುದಿ ತೂಗುವಷ್ಟು ನಡು ತೂಗುವುದಿಲ್ಲ.

ಖಾಲಿ ಹೊಟ್ಟೆ ಶತ್ರು. ಒಣ ಬಿಸ್ಕೆಟ್, ಹಸಿರು ಸೇಬು, ಶುಂಠಿ ಸ್ವಲ್ಪ ಸ್ವಲ್ಪವೇ ಹೋಗಲಿ. ಚಾರ್ಮಾಡಿ ಘಾಟಿಯ ಬಸ್ಸಿಗೆ ನಾವು ತೆಗೆದುಕೊಳ್ಳುವ ಅವೋಮಿನ್‌ನಂಥ ಮಾತ್ರೆಗಳು ಇಲ್ಲೂ ಕೆಲಸ ಮಾಡುತ್ತವೆ, ಆದರೆ ವಾಂತಿ ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ತರಿಸುತ್ತವೆ. ನಿಮಗೆ ಯಾವುದು ಸರಿ ಅಂತ ಊರಿನ ವೈದ್ಯರನ್ನು ಕೇಳಿಯೇ ತನ್ನಿ. ಹೊರಡುವ ಮೊದಲು, ಬೋಟ್ ಬಿಡುವ ಕಾಲದಲ್ಲಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಹೊಟ್ಟೆಯ ಸ್ವಭಾವ ಅಲ್ಪಸ್ವಲ್ಪ ಗೊತ್ತಾಗುತ್ತದೆ.

ಹೆಚ್ಚಿನವರಿಗೆ ಎರಡು ಮೂರು ದಿನಕ್ಕೆ ಒಗ್ಗುತ್ತದೆ. ಆ ಮೂರು ದಿನ ಮನೆಗೆ ಅಳುತ್ತಾ ಫೋನು ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಅಳು ಬಂದರೆ ಅತ್ತುಬಿಡಿ. ಆದರೆ 'ನಾನು ಇಲ್ಲಿಗೆ ಬರಬಾರದಿತ್ತು' ಅನ್ನುವ ತೀರ್ಮಾನವನ್ನು ಮಾತ್ರ ಆ ಹೊಟ್ಟೆಯಿಂದ ಮಾಡಬೇಡಿ. ಹಸಿದು, ನಿದ್ದೆಗೆಟ್ಟು, ತಲೆ ತಿರುಗುವ ಮನುಷ್ಯನಿಗೆ ಯಾವ ಜಾಗವೂ ಚಂದ ಕಾಣುವುದಿಲ್ಲ.

ಕ್ಲಾಸು ಮತ್ತು ಊಟದ ಮೇಜು

ಕಡಲಲ್ಲಿ ಭಾನುವಾರ ಇಲ್ಲ. ತರಗತಿಗಳು ಎ ದಿನ, ಬಿ ದಿನ ಅಂತ ಒಂದು ಬಿಟ್ಟು ಒಂದು ನಡೆಯುತ್ತವೆ. ಇವತ್ತು ವಾರ ಯಾವುದು ಅನ್ನುವುದೇ ಮರೆತುಹೋಗುತ್ತದೆ, ಇವತ್ತು ಎ ದಿನವೋ ಬಿ ದಿನವೋ ಅನ್ನುವುದು ಮಾತ್ರ ನೆನಪು. ಗ್ಲೋಬಲ್ ಸ್ಟಡೀಸ್ ಎಲ್ಲರಿಗೂ ಕಡ್ಡಾಯ.

ನಮ್ಮಲ್ಲಿ ಸುಮ್ಮನೆ ಕೂತು ಕೇಳುವವರು ಒಳ್ಳೆಯ ವಿದ್ಯಾರ್ಥಿ. ಅಲ್ಲಿ ಮಾತಾಡದವರಿಗೆ ಅಂಕ ಹೋಗುತ್ತದೆ. ಮೊದಲ ವಾರ ಪ್ರತಿ ತರಗತಿಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಿ, ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡರೂ ಸರಿ. ಅವರ ಇಂಗ್ಲಿಷ್ ವೇಗ ನಾಲ್ಕು ದಿನ ಕಿವಿಗೆ ಕಷ್ಟ, ಆಮೇಲೆ ಇಲ್ಲ. ನಿಮ್ಮ ಉಚ್ಚಾರ ಬದಲಾಯಿಸಬೇಡಿ, ಸ್ವಲ್ಪ ನಿಧಾನ ಮಾಡಿ. ಅಷ್ಟು ಸಾಕು.

ಗೆಳೆಯರು ಸಿಗುವುದು ಊಟದ ಮೇಜಿನಲ್ಲಿ. ಮೇಷ್ಟ್ರುಗಳೂ, ಅವರ ಮನೆಮಕ್ಕಳೂ ಅದೇ ಬಫೆಯ ಸಾಲಿನಲ್ಲಿ ನಿಂತಿರುತ್ತಾರೆ. ಮೊದಲ ಐದು ದಿನ ಪ್ರತಿ ಊಟಕ್ಕೂ ಬೇರೆ ಮೇಜಿಗೆ ಹೋಗಿ ಕೂತುಕೊಳ್ಳಿ. 'ಇಲ್ಲಿ ಕೂರಬಹುದಾ' ಅಂತ ಕೇಳಲು ನಾಚಿಕೆಯಾಗುತ್ತದೆ, ಗೊತ್ತು. ಆದರೆ ಆ ದಿನಗಳಲ್ಲಿ ಎಲ್ಲರೂ ಹೊಸಬರು. ಎರಡನೇ ವಾರಕ್ಕೆ ಗುಂಪುಗಳು ಗಟ್ಟಿಯಾಗುತ್ತವೆ, ಆಮೇಲೆ ಕೇಳುವುದು ಇನ್ನೂ ಕಷ್ಟ. ನನಗೆ ಹತ್ತಿರವಾದ ಮೊದಲ ಗೆಳತಿ ಸಿಕ್ಕಿದ್ದು ಚಟ್ನಿಪುಡಿಯ ಡಬ್ಬಿ ತೆರೆದಾಗ. ಆಲೂಗಡ್ಡೆಗೆ ಹಾಕಿ ತಿಂದು, ಮರುದಿನ ಅವಳೇ ನನ್ನನ್ನು ಹುಡುಕಿಕೊಂಡು ಬಂದಳು.

ಮೊದಲ ಬಂದರು

ಇಳಿಯುವ ಹಿಂದಿನ ದಿನ ಆ ಊರಿನ ಬಗ್ಗೆ ಸಭೆ ಇರುತ್ತದೆ. ತಪ್ಪಿಸಬೇಡಿ. ಹಣ, ಟ್ಯಾಕ್ಸಿ, ಮೋಸ, ಕುಡಿಯುವ ನೀರು ಎಲ್ಲ ಅಲ್ಲೇ ಹೇಳುತ್ತಾರೆ. ಹಡಗು ಹೊರಡುವ ಹೊತ್ತು ಬೇರೆ, ನೀವು ಒಳಗೆ ಇರಬೇಕಾದ ಹೊತ್ತು ಬೇರೆ. ಎರಡನೆಯದು ಎಷ್ಟೋ ಮೊದಲೇ ಇರುತ್ತದೆ. ತಡವಾದವರಿಗೆ ಮುಂದಿನ ಬಂದರಿನಲ್ಲಿ ಇಳಿಯಲು ಬಿಡದೆ ಕೂರಿಸುವ ಶಿಕ್ಷೆ ಉಂಟು, ಅದಕ್ಕೆ 'ಡಾಕ್ ಟೈಮ್' ಅನ್ನುತ್ತಾರೆ. ಪೂರ್ತಿ ತಪ್ಪಿಸಿಕೊಂಡರೆ ಸ್ವಂತ ಖರ್ಚಿನಲ್ಲಿ ಮುಂದಿನ ದೇಶಕ್ಕೆ ಹಾರಬೇಕು. ಅಮೆರಿಕದ ಗೆಳೆಯ ಟಿಕೆಟ್ ತೆಗೆದು ಹೋದಾನು. ನಮ್ಮ ವೀಸಾ ಬಂದರಿನ ಮೂಲಕ ಪ್ರವೇಶಕ್ಕೆ ಇದ್ದರೆ ವಿಮಾನದಲ್ಲಿ ಹೋಗಲು ನಡೆಯದೇ ಇರಬಹುದು. ಆದ್ದರಿಂದ ಗುಂಪಿನವರು 'ಇನ್ನೂ ಟೈಮಿದೆ' ಅಂದರೂ ಕೊನೆಯ ದಿನ ನೀವು ಬೇಗ ಹೊರಡಿ. ಒಬ್ಬರೇ ವಾಪಸ್ ಬರಬೇಕಾದರೂ ಬನ್ನಿ.

ಕೈಗಡಿಯಾರದ ಕೆಲಸ ಇಲ್ಲಿ. ಹಡಗು ಸಾಗಿದಂತೆ ರಾತ್ರೋರಾತ್ರಿ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಫೋನು ಕೆಲವೊಮ್ಮೆ ಪಕ್ಕದ ದೇಶದ ಸಮಯ ತೋರಿಸುತ್ತದೆ, ಕೆಲವೊಮ್ಮೆ ಹಳೆಯದನ್ನೇ. ಲೆಕ್ಕಕ್ಕೆ ಬರುವುದು ಹಡಗಿನ ಸಮಯ. ಕ್ಯಾಬಿನ್ನಿನಿಂದ ಹೊರಡುವಾಗ ಕೈಗಡಿಯಾರವನ್ನು ಹಡಗಿನ ಗೋಡೆ ಗಡಿಯಾರಕ್ಕೆ ಸರಿಮಾಡಿಕೊಂಡು, ಆಮೇಲೆ ಫೋನಿನ ಸಮಯ ನೋಡಲೇಬೇಡಿ.

ಇಳಿಯುವಾಗ ಜೇಬಿನಲ್ಲಿ ಇರಬೇಕಾದದ್ದು ಇಷ್ಟು: ಹಡಗಿನ ಚೀಟಿ, ಪಾಸ್‌ಪೋರ್ಟಿನ ಪ್ರತಿ ಅಥವಾ ಆ ಬಂದರಿಗೆ ಕೇಳಿದ್ದರೆ ಪಾಸ್‌ಪೋರ್ಟೇ, ಸ್ವಲ್ಪ ಸ್ಥಳೀಯ ನಗದು, ಹಡಗು ನಿಂತ ಜೆಟ್ಟಿಯ ಹೆಸರು ಆ ಊರಿನ ಭಾಷೆಯಲ್ಲಿ ಬರೆದ ಚೀಟಿ. ಕೊನೆಯದನ್ನು ನಾನು ಮೊದಲ ಬಂದರಿನಲ್ಲಿ ಒಯ್ದಿರಲಿಲ್ಲ. ದೊಡ್ಡ ಊರುಗಳಲ್ಲಿ ಜೆಟ್ಟಿ ಒಂದಲ್ಲ, ಹತ್ತಾರು ಇರುತ್ತವೆ. 'ಪೋರ್ಟ್' ಅಂದರೆ ಟ್ಯಾಕ್ಸಿಯವರು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತಾರೆ. ಅವತ್ತು ಕಂಟೇನರುಗಳ ನಡುವೆ ಅರ್ಧ ಗಂಟೆ ಸುತ್ತಿದ ಮೇಲೆ ಹಡಗಿನ ಚಿಮಣಿ ಕಂಡಿತು. ಗ್ಯಾಂಗ್‌ವೇ ಹತ್ತಿ ಚೀಟಿ ತೋರಿಸಿದಾಗ ಕಾವಲಿನವರು 'ವೆಲ್ಕಮ್ ಹೋಮ್' ಅಂದರು. ಕ್ಯಾಬಿನ್ನಿಗೆ ಹೋಗಿ ಅಮ್ಮನಿಗೆ ಮೆಸೇಜು ಹಾಕಿದೆ, 'ಈಗ ಮನೆಗೆ ಬಂದೆ' ಅಂತ. ಯಾವ ಮನೆ ಅಂತ ಅವರು ತಿರುಗಿ ಕೇಳಿದ ಮೇಲೆಯೇ ನಾನು ಏನು ಬರೆದೆ ಅಂತ ನೋಡಿದ್ದು.